ಕಾಯಿ ಎಂದು ಕರೆದ ಹಣ್ಣು

ನಮ್ಮ ತಾರಸಿಯ ಕುಂಡದಲ್ಲಿ ಒಂದು ದೊಣ್ಣೆಮೆಣಸಿನ ಗಿಡವಿದೆ. ಹೂ ಕಚ್ಚಿದ ಐದಾರು ವಾರಗಳಲ್ಲಿ ಕಾಯಿ ಬಲಿತು ಹಸುರಾಗಿ ಮಿರುಗುತ್ತದೆ. ಅಡುಗೆಮನೆಯ ಕೈ ಅದರತ್ತ ಚಾಚುವುದೂ ಆಗಲೇ. ಈ ಬಾರಿ ಒಂದನ್ನಾದರೂ ಹಣ್ಣಾಗಗೊಡಬೇಕೆಂದು ನಾನು ಹಟ ಹಿಡಿದೆ. ಎಂಬತ್ತು ದಾಟಿದ ನನ್ನ ತಾಯಿ, "ಕಾಯಿ ಇರುವುದು ಹುಳಿಗೆ, ನೋಡುವುದಕ್ಕಲ್ಲ" ಎಂದು ನಕ್ಕರು.

ಕಾಯುವಾಗ ಮನಸ್ಸು ಹೆಸರಿನತ್ತ ಹರಿಯಿತು. ಮೆಣಸು ಎಂದರೆ ಮೂಲತಃ ನಮ್ಮ ಘಟ್ಟದ ಬಳ್ಳಿಯ ಕರಿಯ ಕಾಳು. ಸಂಬಾರಗಳ ನಾಡನ್ನರಸಿ 1492ರಲ್ಲಿ ಪಶ್ಚಿಮಕ್ಕೆ ಹಾಯಿ ಬಿಚ್ಚಿದ ಕೊಲಂಬಸ್, ಕೆರಿಬಿಯನ್ ದ್ವೀಪದಲ್ಲಿ ಬೇರೆಯೇ ಗಿಡದ ಖಾರದ ಕಾಯಿಯನ್ನು ಕಂಡು, ಅದು ಅಲ್ಲಿಯವರ ಮೆಣಸೆಂದು 1493ರ ಜನವರಿಯ ದಿನಚರಿಯಲ್ಲಿ ಬರೆದ. ಮುಂದೆ ಪೋರ್ಚುಗೀಸರು ಅದನ್ನು ನಮ್ಮ ಪಡುವಣ ಕರಾವಳಿಗೆ ತಂದರು. 1542ರಲ್ಲಿ ಜರ್ಮನ್ ಸಸ್ಯಜ್ಞ ಫುಕ್ಸ್ ತನ್ನ ಗ್ರಂಥದಲ್ಲಿ ಅದರ ಚಿತ್ರ ಬರೆಯಿಸಿ 'ಕಲ್ಲಿಕೋಟೆಯ ಮೆಣಸು' ಎಂದ! ಅರ್ಧ ಶತಮಾನದಲ್ಲೇ ಗಿಡ ತನ್ನ ತವರನ್ನು ಮರೆಸಿಬಿಟ್ಟಿತ್ತು. ಕನ್ನಡವೂ ಹಳೆಯ ಹೆಸರನ್ನೇ ಹಚ್ಚಿ 'ಮೆಣಸಿನಕಾಯಿ' ಎಂದಿತು.

ನಾಲಿಗೆ ಮರೆತದ್ದನ್ನು ಆಚಾರ ಮರೆಯಲಿಲ್ಲ. ನಮ್ಮ ಮನೆಯ ಶ್ರಾದ್ಧದ ಅಡುಗೆಗೆ ಇಂದಿಗೂ ಕರಿಮೆಣಸೇ. ಮೆಣಸಿನಕಾಯಿ ಅಂದು ಹೊರಗಿನದು.

'ಕಾಯಿ' ಎಂಬುದೂ ಅರ್ಧಸತ್ಯವೇ. ದೊಣ್ಣೆಮೆಣಸು ಖಾರ ಕಳೆದುಕೊಂಡ ತಳಿ. ಅದರ ಹಸುರು ಎಳಸುತನದ ಬಣ್ಣ. ಗಿಡದಲ್ಲೇ ಇನ್ನೆರಡು ಮೂರು ವಾರ ಬಿಟ್ಟರೆ ಹಸುರು ಕರಗಿ ಕೆಂಪೇರುತ್ತದೆ, ಸಿಹಿ ಕೂಡುತ್ತದೆ. ಪೂರ್ತಿ ಹಸುರಿರುವಾಗಲೇ ಕಿತ್ತರೆ, ಮಾವಿನಂತೆ ಹುಲ್ಲಿನಲ್ಲಿ ಹಾಕಿ ಮಾಗಿಸುವುದು ಸಾಧ್ಯವಿಲ್ಲ. ಹಂಗೆರಿಯ ವಿಜ್ಞಾನಿ ಸೆಂಟ್ ಗ್ಯೋರ್ಗಿ, ಮಡದಿ ಬಡಿಸಿದ ಸಿಹಿಮೆಣಸನ್ನು ತಿನ್ನಲೊಲ್ಲದೆ ಪ್ರಯೋಗಶಾಲೆಗೆ ಒಯ್ದು, ಅದರಲ್ಲಿ 'ಸಿ' ಜೀವಸತ್ತ್ವದ ಭಂಡಾರವನ್ನೇ ಕಂಡುದಾಗಿ ತಾನೇ ಹೇಳಿಕೊಂಡಿದ್ದಾನೆ. 1937ರಲ್ಲಿ ನೊಬೆಲ್ ಪ್ರಶಸ್ತಿ ಅವನಿಗೆ ಸಂದಿತು.

ನಮ್ಮ ಕುಂಡದ ಕಾಯಿ ಪೂರ್ತಿ ಕೆಂಪಾದದ್ದು ತಂದೆಯವರ ಶ್ರಾದ್ಧದ ದಿನ. "ಇವತ್ತು ಇದಕ್ಕೆ ಒಳಗೆ ಬರುವ ಹಾಗಿಲ್ಲ" ಎಂದರು ತಾಯಿ. ಮರುದಿನ ತಾವೇ ಕಿತ್ತು ತಂದು, ಹೋಳು ಮಾಡಿ, ಹಸಿಯದನ್ನೇ ಬಾಯಿಗಿಟ್ಟರು. ಬಹಳ ಹೊತ್ತು ಮೆಲ್ಲುತ್ತಿದ್ದು, "ಇದು ಹಣ್ಣು ಕಣೋ! ಇಷ್ಟು ವರ್ಷ ಯಾರೂ ಹೇಳಲೇ ಇಲ್ಲ" ಎಂದರು.

ಬೀಜಗಳನ್ನು ಅವರೇ ನೆರಳಿನಲ್ಲಿ ಒಣಗಹಾಕಿದ್ದಾರೆ.