ವಿಶ್ವವಿದ್ಯಾಲಯಗಳಿಗೆ ಸೇನಾ ಶಿಕ್ಷಣದ ಪತ್ರ: ಸಲಹೆಯೋ, ಆದೇಶವೋ?

ಕಾಲೇಜು ವಿದ್ಯಾರ್ಥಿಗಳಿಗೆ ಸೇನಾ ತರಬೇತಿ ನೀಡುವ ವಿಚಾರದಲ್ಲಿ ಸರ್ಕಾರ ಮತ್ತು ವಿಶ್ವವಿದ್ಯಾಲಯಗಳ ನಡುವಿನ ವ್ಯವಹಾರಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಈ ವ್ಯವಹಾರದುದ್ದಕ್ಕೂ ಉಳಿದುಬಂದ ಪ್ರಶ್ನೆ ಒಂದೇ: ತರಬೇತಿ ವಿದ್ಯಾರ್ಥಿಯ ಆಯ್ಕೆಯೋ, ಸರ್ಕಾರದ ಅಪ್ಪಣೆಯೋ?

ಹಿನ್ನೆಲೆ

ಮೊದಲ ಮಹಾಯುದ್ಧದ ಸಂದರ್ಭದಲ್ಲಿ, 1917ರಲ್ಲಿ, ಭಾರತದಲ್ಲಿ 'ಯೂನಿವರ್ಸಿಟಿ ಕೋರ್' ಆರಂಭಗೊಂಡಿತು. 1920ರ ಕಾಯ್ದೆಯನ್ವಯ ಅದು 'ಯೂನಿವರ್ಸಿಟಿ ಟ್ರೈನಿಂಗ್ ಕೋರ್' ಆಯಿತು. 1946ರಲ್ಲಿ ನೇಮಕಗೊಂಡ ಎಚ್.ಎನ್. ಕುಂಜ್ರು ಸಮಿತಿಯ ಶಿಫಾರಸಿನ ಫಲವಾಗಿ 1948ರಲ್ಲಿ ಎನ್‌ಸಿಸಿ ಕಾಯ್ದೆ ಜಾರಿಗೆ ಬಂದಿತು. ವಿದ್ಯಾರ್ಥಿ ತಾನಾಗಿ ಮುಂದೆ ಬಂದು ಹೆಸರು ನೋಂದಾಯಿಸಬೇಕೆಂಬುದು ಈ ಕಾಯ್ದೆಯ ತತ್ತ್ವ. ಕೆಡೆಟ್ ಆದ ಕಾರಣಕ್ಕೆ ಯಾರೂ ಯುದ್ಧಸೇವೆಗೆ ಬದ್ಧರಲ್ಲ.

ಕಡ್ಡಾಯದ ವರ್ಷಗಳು

1962ರ ಚೀನಾ ಯುದ್ಧದ ನಂತರ ಸ್ಥಿತಿ ಬದಲಾಯಿತು. 1963ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ತರಬೇತಿಯನ್ನು ಕಡ್ಡಾಯಗೊಳಿಸಲಾಯಿತು. 1968ರ ಜನವರಿಯಲ್ಲಿ ಮದರಾಸು ವಿಧಾನಸಭೆಯು ಕವಾಯತಿನ ಹಿಂದಿ ಆಜ್ಞೆಗಳನ್ನು ಕೈಬಿಡಬೇಕೆಂದು ನಿರ್ಣಯಿಸಿದಾಗ ಎನ್‌ಸಿಸಿ ಭಾಷಾ ವಿವಾದಕ್ಕೂ ಸಿಲುಕಿತು. ಅದೇ ವರ್ಷ ಎನ್‌ಸಿಸಿ ಮತ್ತೆ ಐಚ್ಛಿಕವಾಯಿತು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಮತ್ತೊಂದು ದಾರಿಯಾಗಿ ಬಂದಿತು.

2018ರ ವಿವಾದ

2018ರ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು (ಯುಜಿಸಿ) ಕುಲಪತಿಗಳಿಗೆ ಪತ್ರ ಬರೆದು, ಸೆಪ್ಟೆಂಬರ್ 29ನ್ನು 'ಸರ್ಜಿಕಲ್ ಸ್ಟ್ರೈಕ್ ದಿನ'ವಾಗಿ ಆಚರಿಸಲು ತಿಳಿಸಿತು. ಎನ್‌ಸಿಸಿ ಕವಾಯತು, ಮಾಜಿ ಸೈನಿಕರ ಉಪನ್ಯಾಸ ಮುಂತಾದವು ಅದರಲ್ಲಿದ್ದವು. ಶಿಕ್ಷಣ ಸಂಸ್ಥೆಗಳ ಸ್ವಾಯತ್ತೆಯ ಪ್ರಶ್ನೆ ಎದ್ದಿತು. ಪಶ್ಚಿಮ ಬಂಗಾಳ ಸರ್ಕಾರ ಆಚರಣೆಗೆ ನಿರಾಕರಿಸಿತು. ಇದು ಸಲಹೆ ಮಾತ್ರ, ಕಡ್ಡಾಯವಲ್ಲ ಎಂದು ಅಂದಿನ ಕೇಂದ್ರ ಮಾನವ ಸಂಪನ್ಮೂಲ ಸಚಿವ ಪ್ರಕಾಶ್ ಜಾವಡೇಕರ್ ಸ್ಪಷ್ಟನೆ ನೀಡಬೇಕಾಯಿತು.

ಪಠ್ಯವಾಗಿ ಎನ್‌ಸಿಸಿ

2021ರಲ್ಲಿ ಯುಜಿಸಿ ಹಾಗೂ ಎಐಸಿಟಿಇ, ಎನ್‌ಸಿಸಿಯನ್ನು ಐಚ್ಛಿಕ ಕ್ರೆಡಿಟ್ ವಿಷಯವಾಗಿ ಅಳವಡಿಸಿಕೊಳ್ಳುವಂತೆ ವಿಶ್ವವಿದ್ಯಾಲಯಗಳನ್ನು ಕೋರಿದವು. ಆರು ಸೆಮಿಸ್ಟರ್‌ಗಳಿಗೆ ಒಟ್ಟು 24 ಕ್ರೆಡಿಟ್‌ಗಳ ಪಠ್ಯಕ್ರಮ ಇದು. ಅದುವರೆಗೆ ಪಠ್ಯೇತರ ಚಟುವಟಿಕೆಯಾಗಿದ್ದ ಕವಾಯತು, ಶಿಬಿರಗಳಿಗೆ ಪದವಿಯ ಲೆಕ್ಕದಲ್ಲಿ ಸ್ಥಾನ ದೊರೆಯುವಂತಾಯಿತು.

ಇಂತಹ ಪತ್ರಗಳ ಭಾಷೆ ಸಾಮಾನ್ಯವಾಗಿ 'ಕೋರಲಾಗಿದೆ' ಎಂದೇ ಇರುತ್ತದೆ. ಆದರೆ ಅನುದಾನ, ಮಾನ್ಯತೆ ನೀಡುವ ಸಂಸ್ಥೆಗಳ ಕೋರಿಕೆಯನ್ನು ಕುಲಪತಿಗಳು ಸುಲಭವಾಗಿ ಬದಿಗಿಡಲಾರರು. ಪಠ್ಯವನ್ನು ಅಳವಡಿಸುವ ತೀರ್ಮಾನ ಆಯಾ ವಿಶ್ವವಿದ್ಯಾಲಯದ ಶೈಕ್ಷಣಿಕ ಮಂಡಳಿಗಳಲ್ಲಿ ಆಗಬೇಕು. ಹಾಗಾಗಿ ಪ್ರವೇಶ ಪಡೆಯುವ ಮುನ್ನ ತಮ್ಮ ಕಾಲೇಜಿನಲ್ಲಿ ಎನ್‌ಸಿಸಿ ಘಟಕವಿದೆಯೇ, ಅದಕ್ಕೆ ಕ್ರೆಡಿಟ್ ದೊರೆಯುವುದೇ ಎಂಬುದನ್ನು ವಿದ್ಯಾರ್ಥಿಗಳು ವಿಚಾರಿಸಿಕೊಳ್ಳುವುದು ಒಳಿತು.