ಭಾನುವಾರಗಳನ್ನು ನುಂಗಿದ ಸಂಖ್ಯೆ

14,75,73,95,25,89,67,64,12,927. ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಒಂದು ಕಳೆದರೆ ಬರುವ ಈ ಸಂಖ್ಯೆ ಅವಿಭಾಜ್ಯವೆಂದು 1644ರಲ್ಲಿ ಫ್ರಾನ್ಸಿನ ಕ್ರೈಸ್ತ ಸನ್ಯಾಸಿ ಮೆರ್ಸೆನ್ ಬರೆದಿಟ್ಟರು. ಅಲ್ಲವೆಂದು 1876ರಲ್ಲಿ ಲೂಕಾ ಸಾಧಿಸಿದರು. ಆದರೆ ಯಾವುದರಿಂದ ಭಾಗವಾಗುತ್ತದೆಂದು ಅವರಿಗೂ ತಿಳಿಯಲಿಲ್ಲ. ಕಳ್ಳತನ ರುಜುವಾತಾಯಿತು, ಕಳ್ಳ ಸಿಗಲಿಲ್ಲ!

1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎದ್ದು, ತುಟಿ ಬಿಚ್ಚದೆ ಕರಿಹಲಗೆಯ ಮೇಲೆ 19,37,07,721ನ್ನು 7,61,83,82,57,287ರಿಂದ ಗುಣಿಸಿ ತೋರಿಸಿ ಕುಳಿತರಂತೆ. ಉತ್ತರ ಅದೇ ಸಂಖ್ಯೆ! ಹುಡುಕಲು ಮೂರು ವರ್ಷದ ಭಾನುವಾರಗಳು ಹಿಡಿದವೆಂದು ಕೋಲ್ ಹೇಳಿದ್ದನ್ನು ಇ. ಟಿ. ಬೆಲ್ ಬರೆದಿದ್ದಾರೆ.

ನಾನೂ ಒಂದು ಭಾನುವಾರ, ರೇಷನ್ ತಂದಿಟ್ಟು, ಈ ಗುಣಾಕಾರಕ್ಕೆ ಕುಳಿತೆ. ಮೊದಲ ಸಲ ದಶಕ ತಪ್ಪಿತು. ಎರಡನೆಯ ಸಲ ಅರ್ಧ ಗಂಟೆಯಲ್ಲೇ ತಾಳೆಯಾಯಿತು.