ಗುಜರಿಯಿಂದ ಹೊರಡುವ ಸಂಶೋಧನೆ: ಮರುಬಳಕೆಯ ಅಲ್ಯೂಮಿನಿಯಂ, ಕಬ್ಬಿಣದ ಕಶ್ಮಲ ಮತ್ತು ಪಿಎಚ್.ಡಿ. ವಿಷಯದ ಆಯ್ಕೆ

ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ತಗಲುವ ಶಕ್ತಿಯ ಸುಮಾರು ಶೇ. 5ರಷ್ಟರಲ್ಲೇ ಗುಜರಿಯನ್ನು ಕರಗಿಸಿ ಅದೇ ಲೋಹವನ್ನು ಪಡೆಯಬಹುದು ಎಂಬ ಮಾತು ಮರುಬಳಕೆಯ ಚರ್ಚೆಗಳಲ್ಲೆಲ್ಲ ಕೇಳಿಬರುತ್ತದೆ. ಲೆಕ್ಕ ಸರಿಯೇ, ಆದರೆ ಅದು ತೂಕದ ಲೆಕ್ಕ. ಲೋಹದ ಗುಣ ಅದರಲ್ಲಿ ಬರುವುದಿಲ್ಲ. ಪ್ರತಿ ಸಲ ಕುಲುಮೆಗೆ ಹೋದಾಗಲೂ ತಿರುಪು, ಮೊಳೆ, ಉಕ್ಕಿನ ಚೂರುಗಳ ಮೂಲಕ ಒಂದಿಷ್ಟು ಕಬ್ಬಿಣ ಬೆರೆಯುತ್ತದೆ. ಮೆಗ್ನೀಸಿಯಂ ಹೆಚ್ಚಾದರೆ ಕ್ಲೋರಿನ್ ಹಾಯಿಸಿ ತೆಗೆಯಬಹುದು. ಕಬ್ಬಿಣ, ತಾಮ್ರ, ಸಿಲಿಕಾನ್‌ಗಳಿಗೆ ಆ ದಾರಿಯಿಲ್ಲ, ಉರಿಸಿ ತೆಗೆಯುವಂತೆಯೂ ಇಲ್ಲ: ಆಮ್ಲಜನಕದ ಸೆಳೆತ ಅವುಗಳಿಗಿಂತ ಅಲ್ಯೂಮಿನಿಯಂಗೇ ಹೆಚ್ಚಾದ್ದರಿಂದ ಉಳಿಸಬೇಕಾದ ಲೋಹವೇ ಮೊದಲು ಉರಿದುಹೋಗುತ್ತದೆ. ಇಲ್ಲಿಯವರೆಗೆ ಇಂಥ ಬೆರಕೆ ಗುಜರಿಗೆ ಎಂಜಿನ್ ಬ್ಲಾಕಿನಂಥ ಎರಕಗಳು ಜಾಗ ಕೊಟ್ಟಿದ್ದವು. ವಿದ್ಯುತ್ ವಾಹನಕ್ಕೆ ಆ ಬ್ಲಾಕೇ ಬೇಡ. ಸುಸ್ಥಿರ ಮಿಶ್ರಲೋಹಗಳಲ್ಲಿ ಪಿಎಚ್.ಡಿ. ಮಾಡಬಯಸುವವರಿಗೆ ದೊಡ್ಡ ಅವಕಾಶವಿರುವುದು ಇಲ್ಲಿಯೇ, ಅಂದರೆ ಕಶ್ಮಲವನ್ನು ತಾಳಿಕೊಳ್ಳುವ ಮಿಶ್ರಲೋಹಗಳ ರೂಪಣೆಯಲ್ಲಿ, ಎಂಬುದು ನನ್ನ ವಾದ.

ಕರಗಿದ ಅಲ್ಯೂಮಿನಿಯಂ ಶೇ. 1.8ರ ಆಸುಪಾಸು ಕಬ್ಬಿಣವನ್ನು ಒಳಗಿಟ್ಟುಕೊಳ್ಳಬಲ್ಲದು. ಗಟ್ಟಿಯಾದ ಮೇಲೆ ಅದರ ಮಿತಿ ಶೇ. 0.05 ಮಾತ್ರ. ಉಳಿದದ್ದು ಸಿಲಿಕಾನ್ ಜೊತೆಗೂಡಿ ಬೀಟಾ ಎಂಬ ಪೆಡಸು ಸಂಯುಕ್ತವಾಗುತ್ತದೆ. ಸೂಕ್ಷ್ಮದರ್ಶಕದಡಿ ಅದು ಸೂಜಿಗಳಂತೆ ಕಂಡರೂ ವಾಸ್ತವದಲ್ಲಿ ತೆಳ್ಳನೆಯ ಫಲಕ, ಬಿರುಕು ಅದರ ಉದ್ದಕ್ಕೂ ಓಡುತ್ತದೆ. ತುಸು ಮ್ಯಾಂಗನೀಸ್ ಸೇರಿಸಿದರೆ ಫಲಕದ ಬದಲು ಚೀನೀ ಲಿಪಿಯಂಥ ಸುರುಳಿ ಆಕೃತಿ ಮೂಡಿ ಹಾನಿ ತಗ್ಗುತ್ತದೆ. ಮ್ಯಾಂಗನೀಸ್, ಕ್ರೋಮಿಯಂ ಅತಿಯಾದರೆ ಭಾರದ ಕಣಗಳು ಕುಲುಮೆಯ ತಳದಲ್ಲಿ ಕೆಸರಾಗಿ ಕೂರುತ್ತವೆ. ಇನ್ನೂ ಕುತೂಹಲದ ಸಂಗತಿಯೆಂದರೆ, ಅಧಿಕ ಒತ್ತಡದ ಡೈ ಎರಕದಲ್ಲಿ ಲೋಹ ಅಚ್ಚಿಗೆ ಅಂಟದಿರಲೆಂದು ಶೇ. 1ರವರೆಗೂ ಕಬ್ಬಿಣವನ್ನು ಬೇಕೆಂದೇ ಇಟ್ಟುಕೊಳ್ಳುತ್ತಾರೆ. ಅಲ್ಲಿ ಲೋಹ ಬೇಗ ತಣಿಯುವುದರಿಂದ ಫಲಕಗಳೂ ಚಿಕ್ಕವಾಗಿರುತ್ತವೆ. ಹೀಗಾಗಿ ಎಷ್ಟು ಕಬ್ಬಿಣ ಅಪಾಯಕಾರಿ ಎಂಬುದಕ್ಕೆ ಒಂಟಿ ಅಂಕಿಯ ಉತ್ತರವಿಲ್ಲ. ತಣಿಯುವ ವೇಗ, ಜೊತೆಯ ಧಾತುಗಳು, ಎರಕದ ವಿಧಾನ ಎಲ್ಲವೂ ಸೇರಿ ಅದನ್ನು ನಿರ್ಧರಿಸುತ್ತವೆ, ಈ ಸಂಬಂಧಗಳ ನಕ್ಷೆಯಲ್ಲಿ ಖಾಲಿ ಜಾಗಗಳು ಹೇರಳವಾಗಿವೆ. ಲೋಹವಿಜ್ಞಾನಿ ಡಿರ್ಕ್ ರಾಬೆ ಮತ್ತು ಸಹಲೇಖಕರು 2022ರ ವಿಸ್ತೃತ ಸಮೀಕ್ಷೆಯಲ್ಲಿ ಈ ಕ್ಷೇತ್ರವನ್ನು ‘ಕೊಳಕು’ ಮಿಶ್ರಲೋಹಗಳ ವಿಜ್ಞಾನವೆಂದೇ ಕರೆದರು.

ಹೊಸ ಲೋಹ ಬೆರೆಸಿ ತೆಳುಗೊಳಿಸಿದರಾಯಿತಲ್ಲ ಎಂಬ ಆಕ್ಷೇಪ ಕಾರ್ಖಾನೆಯ ರೂಢಿಯಿಂದ ಬಂದದ್ದು. ಶೇ. 0.6 ಕಬ್ಬಿಣವಿರುವ ಗುಜರಿಗೆ ಶೇ. 0.1 ಇರುವ ಹೊಸ ಲೋಹ ಸೇರಿಸಿ ಶೇ. 0.2ಕ್ಕೆ ಇಳಿಸಬೇಕೆಂದುಕೊಳ್ಳಿ. ಒಂದು ಪಾಲು ಗುಜರಿಗೆ ನಾಲ್ಕು ಪಾಲು ಹೊಸ ಲೋಹ ಬೇಕು. ಆ ಮಿಶ್ರಣದಲ್ಲಿ ಉಳಿಯುವ ಶಕ್ತಿ ಶೇ. 95 ಅಲ್ಲ, ಶೇ. 19. ಲೇಸರ್, ಎಕ್ಸ್-ಕಿರಣಗಳಿಂದ ಗುಜರಿಯನ್ನು ವಿಂಗಡಿಸುವ ಯಂತ್ರಗಳು ಬಂದಿವೆ ಎಂಬ ಮಾತಿಗೆ ಹೆಚ್ಚು ತೂಕವಿದೆ. ಆದರೂ ಎರಕದೊಳಗೆ ಹುದುಗಿ ಕೂತ ಉಕ್ಕಿನ ತುಂಡನ್ನೋ ಈಗಾಗಲೇ ಕರಗಿ ಬೆರೆತ ಕಬ್ಬಿಣವನ್ನೋ ಯಾವ ವಿಂಗಡಣೆಯೂ ಹೊರತೆಗೆಯದು. ವಿಂಗಡಣೆ ಸುಧಾರಿಸಿದಷ್ಟೂ ತಾಳಿಕೆಯ ಮಿತಿ ಎಲ್ಲಿದೆ ಎಂದು ತಿಳಿಯುವ ಅಗತ್ಯ ಹೆಚ್ಚುತ್ತದೆ. ಯಂತ್ರಕ್ಕೆ ಎಲ್ಲಿ ನಿಲ್ಲಬೇಕೆಂದು ಹೇಳುವವರಾರು?

ವಿದ್ವಾಂಸರ ಆಕ್ಷೇಪ ಬೇರೆ ಬಗೆಯದು: ಗುಜರಿಯ ಸಂಯೋಜನೆ ಲೋಡಿನಿಂದ ಲೋಡಿಗೆ ಬದಲಾಗುವಾಗ ಪ್ರಯೋಗವನ್ನು ಇನ್ನೊಬ್ಬರು ಮರಳಿ ಮಾಡಿ ನೋಡುವುದು ಹೇಗೆ? ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಪರಿಶುದ್ಧ ಗಟ್ಟಿಗಳನ್ನು ಕರಗಿಸಿ, ಕಬ್ಬಿಣವನ್ನು ಅಳತೆಯಂತೆ ಸೇರಿಸಿ ಮಾಡುವ ಪ್ರಯೋಗ ಅಚ್ಚುಕಟ್ಟಾಗಿರುವುದು ನಿಜ ಗುಜರಿಯ ಏರಿಳಿತವನ್ನು ಹೊರಗಿಟ್ಟೇ. ಆ ಏರಿಳಿತವನ್ನೇ ಅಳೆಯುವ ರಾಶಿಯಾಗಿ ಎತ್ತಿಕೊಳ್ಳಬಹುದು: ಒಂದೇ ಫೌಂಡ್ರಿಯಿಂದ ವರ್ಷವಿಡೀ ಮಾದರಿ ತೆಗೆದು, ಪ್ರತಿ ಕರಗಿನ ಸಂಯೋಜನೆಗೂ ಅದರ ಎಳೆಯುವಿಕೆಯ ಪರೀಕ್ಷೆಗೂ ಇರುವ ನಂಟನ್ನು ಸರಾಸರಿಯ ಬದಲು ಹರವಾಗಿ ತೋರಿಸಬಹುದು. ಇದಕ್ಕೆ ಬೇಕಾದ ಉಪಕರಣ, ಪರಿಣತಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ, ಅಲ್ಯೂಮಿನಿಯಂಗೆಂದೇ ಮೀಸಲಾದ ನಾಗಪುರದ ಸಂಶೋಧನಾ ಕೇಂದ್ರದಲ್ಲಿ ಇವೆ. ಕಷ್ಟವಿರುವುದು ಕುಲುಮೆಯ ಬಾಗಿಲಲ್ಲಿ: ಗುಜರಿ ಕೊಳ್ಳುವ ಮೂಲವನ್ನೂ ತಿರಸ್ಕೃತ ಎರಕಗಳ ಲೆಕ್ಕವನ್ನೂ ಯಾವ ಮಾಲೀಕನೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಆದ್ದರಿಂದ ವಿಷಯ ನೋಂದಾಯಿಸುವ ಮೊದಲೇ ಮಾರ್ಗದರ್ಶಕರು ಫೌಂಡ್ರಿಯೊಂದಿಗೆ ಬರಹದ ಒಪ್ಪಂದ ಮಾಡಿಕೊಂಡು, ಮೂಲದ ಹೆಸರು ಮರೆಮಾಡಿದರೂ ಕೆಟ್ಟ ಎರಕಗಳ ದತ್ತಾಂಶ ಪ್ರಬಂಧದಲ್ಲಿ ಪ್ರಕಟವಾಗುವಂತೆ ಅದರಲ್ಲಿ ಷರತ್ತು ಸೇರಿಸಬೇಕು.